ಎರಡನೇ ಸಲ ಬರೆದಾಗ ಸ್ಕೋರ್ ಇಳಿದರೆ ಕಾಲೇಜು ಯಾವುದನ್ನು ನೋಡುತ್ತದೆ?

ಏಪ್ರಿಲ್‌ನಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನ ಎರಡನೇ ಸೆಷನ್‌ನ ಫಲಿತಾಂಶ ಬಂದ ಕೂಡಲೇ ಮಂಗಳೂರು, ಉಡುಪಿಯ ಪಿಯು ಮಕ್ಕಳ ಮನೆಗಳಲ್ಲಿ ಒಂದು ಗೊಂದಲ ಶುರುವಾಗುತ್ತದೆ. ಜನವರಿಯಲ್ಲಿ 96 ಪರ್ಸೆಂಟೈಲ್ ಇತ್ತು, ಮೂರು ತಿಂಗಳು ಮತ್ತೆ ಓದಿ ಏಪ್ರಿಲ್‌ನಲ್ಲಿ ಬರೆದರೆ 95ಕ್ಕೆ ಇಳಿದಿದೆ. ಈಗ ಯಾವುದು ಲೆಕ್ಕಕ್ಕೆ? ಸುರತ್ಕಲ್‌ನ ಎನ್‌ಐಟಿಕೆಯವರು (ಇಲ್ಲಿನ ಎನ್‌ಐಟಿ, ಅಂದರೆ ಕೇಂದ್ರದ ಎಂಜಿನಿಯರಿಂಗ್ ಕಾಲೇಜು) ಈ ಇಳಿದ ಸ್ಕೋರ್ ನೋಡಿ ಏನಂದುಕೊಳ್ಳುತ್ತಾರೆ? ಅದಕ್ಕೆ ಸರಿಯಾಗಿ ಮದುವೆ ಮನೆಯಲ್ಲಿ ಸಿಕ್ಕಿದ ದೊಡ್ಡಪ್ಪ ಬೇರೆ, "ಎರಡನೇ ಸಲ ಕಡಿಮೆ ಬಂತಂತೆ, ಸುಮ್ನೆ ಯಾಕೆ ಬರೆಸಿದ್ರಿ?" ಅಂತ ಕೇಳಿಬಿಡುತ್ತಾರೆ.

ಉತ್ತರ ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ. ಗೊಂದಲ ಹುಟ್ಟುವುದೂ ಅಲ್ಲೇ. ಜೆಇಇಯ ನಿಯಮವನ್ನು ವೈದ್ಯಕೀಯದ ನೀಟ್‌ಗೆ, ನೀಟ್‌ನದ್ದನ್ನು ರಾಜ್ಯದ ಸಿಇಟಿಗೆ, ಅಮೆರಿಕದ ಕಾಲೇಜುಗಳ ಸ್ಯಾಟ್‌ನದ್ದನ್ನು ಎಲ್ಲದಕ್ಕೂ ಅಂಟಿಸಿ ಜನ ಮಾತಾಡುತ್ತಾರೆ. ಬಿಡಿಸಿ ನೋಡಿದರೆ, ಇಳಿದ ಸ್ಕೋರ್ ತಾನಾಗಿಯೇ ಸೀಟು ಕಳೆಯುವ ಸಂದರ್ಭ ತುಂಬ ಕಡಿಮೆ. ಮತ್ತೆ ಬರೆಯಲು ಯಾವುದನ್ನು ಬದಿಗಿಟ್ಟಿದ್ದೇವೆ ಅನ್ನುವುದರಲ್ಲೇ ನಿಜವಾದ ನಷ್ಟ ಇರುವುದು.

ಜೆಇಇ ಮೇನ್: ಇಳಿದದ್ದನ್ನು ಯಾರೂ ನೋಡುವುದಿಲ್ಲ

2019ರಿಂದ ಈ ಪರೀಕ್ಷೆ ನಡೆಸುತ್ತಿರುವುದು ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ. ವರ್ಷಕ್ಕೆ ಎರಡು ಸೆಷನ್, ಜನವರಿ ಮತ್ತು ಏಪ್ರಿಲ್. ಕೋವಿಡ್ ಕಾಲದಲ್ಲಿ, 2021ರಲ್ಲಿ, ನಾಲ್ಕು ಸೆಷನ್ ನಡೆದಿತ್ತು. ಎರಡೂ ಸೆಷನ್ ಬರೆದವರಿಗೆ ಯಾವುದರಲ್ಲಿ ಒಟ್ಟು ಎನ್‌ಟಿಎ ಸ್ಕೋರ್ (ಅಂದರೆ ಪರ್ಸೆಂಟೈಲ್) ಜಾಸ್ತಿಯೋ ಅದರಿಂದಲೇ ರ‍್ಯಾಂಕ್. ಇನ್ನೊಂದು ಸೆಷನ್‌ನದ್ದು ಸ್ಕೋರ್ ಕಾರ್ಡ್‌ನಲ್ಲಿ ಕಾಣಿಸಬಹುದು, ರ‍್ಯಾಂಕಿಗೆ ಬರುವುದಿಲ್ಲ. ಗಣಿತ ಜನವರಿಯದ್ದು, ಭೌತಶಾಸ್ತ್ರ ಏಪ್ರಿಲ್‌ದು ಅಂತ ಹೆಕ್ಕಿಕೊಳ್ಳುವ ಹಾಗೂ ಇಲ್ಲ. ಒಂದು ಸೆಷನ್ ಅಂದರೆ ಇಡೀ ಸೆಷನ್.

ಎನ್‌ಐಟಿಕೆ ಸೀಟು ಹಂಚುವುದು ದೇಶದ ಎಲ್ಲ ಎನ್‌ಐಟಿಗಳಿಗೂ ಒಟ್ಟಿಗೆ ನಡೆಯುವ ಜೋಸಾ ಕೌನ್ಸೆಲಿಂಗ್‌ನಲ್ಲಿ. ಅಲ್ಲಿ ಕೂತು ಸ್ಕೋರ್ ಕಾರ್ಡ್ ಓದುವ ಪ್ರೊಫೆಸರ್ ಯಾರೂ ಇಲ್ಲ. ರ‍್ಯಾಂಕ್, ವರ್ಗ, ರಾಜ್ಯ, ಆಯ್ಕೆಯ ಪಟ್ಟಿ, ಇಷ್ಟನ್ನು ಕಂಪ್ಯೂಟರ್ ಓದುತ್ತದೆ. ಅರ್ಧ ಸೀಟು ಕರ್ನಾಟಕದವರಿಗೆ ಮೀಸಲು. ಏಪ್ರಿಲ್‌ನಲ್ಲಿ ಬಿದ್ದಿರಾ, ಜ್ವರ ಇತ್ತಾ, ಅರ್ಧಕ್ಕೇ ಎದ್ದು ಬಂದಿರಾ, ಅದಕ್ಕೆ ಯಾವುದೂ ಗೊತ್ತಾಗುವುದಿಲ್ಲ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯ ನಡೆಸುವ ಮೆಟ್ ಪರೀಕ್ಷೆಯದ್ದೂ ಇದೇ ದಾರಿ, ಎರಡು ಸಲ ಬರೆದರೆ ಉತ್ತಮವಾದದ್ದು ಲೆಕ್ಕಕ್ಕೆ. ಎಂ.ಟೆಕ್‌ಗೆ ಬೇಕಾಗುವ ಗೇಟ್ ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಈ ವರ್ಷ ಕಡಿಮೆ ಬಂದರೆ ಹೋದ ವರ್ಷದ್ದನ್ನೇ ಹಿಡಿದುಕೊಂಡು ಹೋಗಬಹುದು.

ಮಾರ್ಕ್ಸ್ ಏರಿತು, ಪರ್ಸೆಂಟೈಲ್ ಯಾಕೆ ಇಳಿಯಿತು?

ಹೆಚ್ಚಿನವರ ತಲೆ ಕೆಡುವುದು ಇಲ್ಲಿ. ಪರ್ಸೆಂಟೈಲ್ ಅಂದರೆ ಶೇಕಡಾ ಅಂಕ ಅಲ್ಲ. ಒಂದು ಸೆಷನ್ ಹಲವು ಶಿಫ್ಟುಗಳಲ್ಲಿ, ಬೇರೆ ಬೇರೆ ಪೇಪರ್‌ನಲ್ಲಿ ನಡೆಯುತ್ತದೆ; ನಿಮ್ಮ ಶಿಫ್ಟಿನಲ್ಲಿ ಬರೆದ ನೂರರಲ್ಲಿ ಎಷ್ಟು ಮಂದಿ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ಅಂಕ ತೆಗೆದಿದ್ದಾರೆ ಅನ್ನುವ ಲೆಕ್ಕ ಅದು.

ಒಂದು ಲೆಕ್ಕ ಹಾಕಿ ನೋಡೋಣ. ಪೇಪರ್ 300 ಅಂಕದ್ದು, 75 ಪ್ರಶ್ನೆ, ಸರಿಯಾದರೆ 4, ತಪ್ಪಾದರೆ 1 ಕಡಿತ. ಜನವರಿಯ ಒಂದು ಶಿಫ್ಟಿನಲ್ಲಿ 1 ಲಕ್ಷ ಮಂದಿ ಬರೆದರು ಅಂದುಕೊಳ್ಳಿ, ಪೇಪರ್ ಕಷ್ಟ ಇತ್ತು. ಒಬ್ಬ ಹುಡುಗಿಗೆ 140 ಬಂತು. ಅವಳಷ್ಟು ಅಥವಾ ಅವಳಿಗಿಂತ ಕಡಿಮೆ ತೆಗೆದವರು 96,000. ಅಂದರೆ 96 ಪರ್ಸೆಂಟೈಲ್. ಏಪ್ರಿಲ್‌ನಲ್ಲಿ ಅವಳಿಗೆ 155 ಬಂತು. ಆದರೆ ಆ ಶಿಫ್ಟಿನ ಪೇಪರ್ ಸುಲಭ, ಉಳಿದವರೂ ಚೆನ್ನಾಗಿಯೇ ಬರೆದಿದ್ದಾರೆ, ಹಾಗಾಗಿ 155 ಅಥವಾ ಅದಕ್ಕಿಂತ ಕೆಳಗಿದ್ದವರು 95,000 ಮಾತ್ರ. ಹದಿನೈದು ಅಂಕ ಜಾಸ್ತಿ ತೆಗೆದೂ ಪರ್ಸೆಂಟೈಲ್ ಒಂದು ಕಡಿಮೆ. ಹುಡುಗಿ ಹಿಂದೆ ಬಿದ್ದಿಲ್ಲ, ಜೊತೆಗೆ ಓಡಿದವರು ಬೇರೆ.

ಏಪ್ರಿಲ್‌ಗೆ ಬರುವ ಗುಂಪೂ ಸ್ವಲ್ಪ ಬೇರೆಯೇ. 2025ರ ಜನವರಿಯಲ್ಲಿ ಸುಮಾರು 12.58 ಲಕ್ಷ ಮಂದಿ ಬರೆದಿದ್ದರು, ಏಪ್ರಿಲ್‌ನಲ್ಲಿ 9.92 ಲಕ್ಷ. ಎರಡೂ ಸೇರಿ ಒಟ್ಟು ಬರೆದ ಬೇರೆ ಬೇರೆ ಅಭ್ಯರ್ಥಿಗಳು ಸುಮಾರು 14.75 ಲಕ್ಷ. ಕೂಡಿ ಕಳೆದರೆ ಎರಡೂ ಸಲ ಬರೆದವರು ಏಳೂಮುಕ್ಕಾಲು ಲಕ್ಷದ ಹತ್ತಿರ. ಅಂದರೆ ಏಪ್ರಿಲ್ ಹಾಲ್‌ನಲ್ಲಿ ಕೂತವರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಜನ ಒಮ್ಮೆ ಬರೆದು ಪಳಗಿದವರು. ಜನವರಿಯಲ್ಲಿ "ನೋಡೋಣ" ಅಂತ ಬಂದು ಹೋದವರು ಅಲ್ಲಿ ಅಷ್ಟಾಗಿ ಇರುವುದಿಲ್ಲ.

ಅದೃಷ್ಟದ ಪಾಲೂ ಇದೆ. ಗೊತ್ತಿದ್ದ ಪಾಠದಿಂದಲೇ ಪ್ರಶ್ನೆ ಬಂದು, ಊಹಿಸಿ ಒತ್ತಿದ ಎರಡು ಉತ್ತರ ಸರಿಯಾಗಿ, ಜನವರಿಯಲ್ಲಿ ತನ್ನ ನಿಜವಾದ ಮಟ್ಟಕ್ಕಿಂತ ಒಂಚೂರು ಮೇಲೆ ಹೋದವರು ಎಲ್ಲ ಶಿಫ್ಟಿನಲ್ಲೂ ಇರುತ್ತಾರೆ. ಅವರು ಮತ್ತೊಮ್ಮೆ ಬರೆದರೆ ತಮ್ಮ ಮಾಮೂಲಿ ಮಟ್ಟಕ್ಕೆ ಬರುವುದೇ ಹೆಚ್ಚು. ಹಾಗೆ ಇಳಿದದ್ದಕ್ಕೆ ಓದು ಕಡಿಮೆಯಾಯಿತು ಅಂತ ಮಗುವಿಗೆ ಬೈಯುವುದರಲ್ಲಿ ಅರ್ಥವಿಲ್ಲ.

ಬರೆಯದೇ ಕೂತರೂ ರ‍್ಯಾಂಕ್ ಹಿಂದೆ ಸರಿಯುತ್ತದೆ

"ಜನವರಿಯಲ್ಲೇ ಚೆನ್ನಾಗಿ ಬಂದಿದೆ, ಏಪ್ರಿಲ್ ಬೇಡ" ಅನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಜನವರಿಯಲ್ಲಿ ನಿಮಗೆ 95 ಪರ್ಸೆಂಟೈಲ್ ಬಂತು ಅಂದುಕೊಳ್ಳಿ. 12.58 ಲಕ್ಷದಲ್ಲಿ ನಿಮ್ಮ ಮುಂದೆ ಇರುವವರು ಸುಮಾರು 63,000. ಅವರಲ್ಲಿ ಒಬ್ಬರೂ ನಿಮ್ಮ ಹಿಂದೆ ಬರುವ ಹಾಗಿಲ್ಲ, ಯಾಕೆಂದರೆ ಏಪ್ರಿಲ್‌ನಲ್ಲಿ ಅವರು ಎಷ್ಟೇ ಕೆಟ್ಟದಾಗಿ ಬರೆದರೂ ಜನವರಿಯದ್ದೇ ಉಳಿಯುತ್ತದೆ. ಆದರೆ ನಿಮ್ಮ ಹಿಂದಿದ್ದವರಲ್ಲಿ ಕೆಲವರು ಏಪ್ರಿಲ್‌ನಲ್ಲಿ 95 ದಾಟುತ್ತಾರೆ. ಏಪ್ರಿಲ್ ಮಾತ್ರ ಬರೆದ ಹೊಸಬರೂ ಬಂದು ಸೇರುತ್ತಾರೆ. ಹೀಗಾಗಿ ಕೊನೆಯ ಪಟ್ಟಿಯಲ್ಲಿ ನಿಮ್ಮ ಜಾಗ ಹಿಂದಕ್ಕೆ ಹೋಗಬಹುದೇ ಹೊರತು ಮುಂದಕ್ಕೆ ಬರುವುದಿಲ್ಲ. ಫೆಬ್ರವರಿಯಲ್ಲಿ ಆನ್‌ಲೈನ್ ರ‍್ಯಾಂಕ್ ಪ್ರೆಡಿಕ್ಟರ್ ಹೇಳಿದ ನಂಬರ್ ಹಿಡಿದುಕೊಂಡು ಸುರತ್ಕಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕೇಬಿಟ್ಟಿತು ಅಂತ ಸಿಹಿ ಹಂಚಿದವರಿಗೆ ಜೂನ್‌ನಲ್ಲಿ ಬೇಜಾರಾಗುವುದು ಇದಕ್ಕೇ.

ಹಾಗಂತ ಏಪ್ರಿಲ್ ಬರೆಯುವುದು ಪೂರ್ತಿ ಪುಕ್ಕಟೆಯೂ ಅಲ್ಲ. ನಮ್ಮ ಪಿಯು ಮಕ್ಕಳ 2025ರ ಕ್ಯಾಲೆಂಡರ್ ನೋಡಿ. ದ್ವಿತೀಯ ಪಿಯು ಪರೀಕ್ಷೆ ಮಾರ್ಚ್ 1ರಿಂದ 20. ಜೆಇಇ ಎರಡನೇ ಸೆಷನ್ ಏಪ್ರಿಲ್ 2ಕ್ಕೆ ಶುರು. ಸಿಇಟಿ ಏಪ್ರಿಲ್ 16, 17. ನೀಟ್ ಮೇ 4. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ ಮೇ 10. ಬೈಂದೂರಿನ ಹುಡುಗನಿಗೆ ಮಂಗಳೂರಿನಲ್ಲಿ ಬೆಳಗ್ಗೆ ಒಂಬತ್ತರ ಶಿಫ್ಟ್ ಬಿದ್ದರೆ ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಹಿಂದಿನ ದಿನವೇ ಹೋಗಿ ಉಳಿಯಬೇಕು. ಎನ್‌ಐಟಿ ಸಿಗುವ ಸಾಧ್ಯತೆಯೇ ಕಡಿಮೆ ಇರುವ ಮಗುವಿಗೆ ಆ ಎರಡು ವಾರ ಸಿಇಟಿಗೆ ಸಿಕ್ಕಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು.

ನೀಟ್: ಹಳೇ ಅಂಕ ಅಲ್ಲಿಗೇ ಮುಗಿಯಿತು

ನೀಟ್‌ನಲ್ಲಿ "ಎರಡರಲ್ಲಿ ಉತ್ತಮ" ಅನ್ನುವ ಮಾತೇ ಇಲ್ಲ. ಪರೀಕ್ಷೆ ವರ್ಷಕ್ಕೆ ಒಂದೇ ಸಲ, ಆ ಅಂಕ ಆ ವರ್ಷಕ್ಕೆ ಮಾತ್ರ. ಎಷ್ಟು ಸಲ ಬೇಕಾದರೂ ಬರೆಯಬಹುದು, ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದುಹಾಕಿದ್ದಾರೆ. ಆದರೆ ಪ್ರತಿ ಸಲವೂ ಸೊನ್ನೆಯಿಂದ ಶುರು. ಲಾಂಗ್ ಟರ್ಮ್ ಬ್ಯಾಚಿಗೆ ಸೇರಿ ಒಂದು ವರ್ಷ ಓದಿದ ಮೇಲೆ ಸ್ಕೋರ್ ಇಳಿದರೆ ಹೋದ ವರ್ಷದ್ದನ್ನು ತೋರಿಸುವ ಹಾಗಿಲ್ಲ. ಮಣಿಪಾಲ, ಮಂಗಳೂರಿನ ಡೀಮ್ಡ್ ವಿವಿಗಳ ಎಂಬಿಬಿಎಸ್ ಸೀಟೂ ಕೇಂದ್ರದ ಎಂಸಿಸಿ ಕೌನ್ಸೆಲಿಂಗ್‌ನಲ್ಲಿ ಆ ವರ್ಷದ ರ‍್ಯಾಂಕಿನ ಮೇಲೆಯೇ ಹೋಗುತ್ತದೆ. ಅದೇ ಕಾರಣಕ್ಕೆ ರಿಪೀಟರ್ ಅಂತ ಯಾರನ್ನೂ ಕೆಳಗೆ ತಳ್ಳುವುದೂ ಇಲ್ಲ.

ಆದರೆ ಅಂಕ ಇಳಿದದ್ದಕ್ಕೂ ಜಾಗ ಇಳಿದದ್ದಕ್ಕೂ ವ್ಯತ್ಯಾಸವಿದೆ. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಇತ್ತು. 2025ರ ಪೇಪರ್, ಅದರಲ್ಲೂ ಭೌತಶಾಸ್ತ್ರ, ಎಷ್ಟು ಬಿಗಿಯಾಗಿತ್ತೆಂದರೆ ದೇಶದಲ್ಲೇ ಗರಿಷ್ಠ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಬಂತು. ಹೀಗಿರುವಾಗ 2024ರಲ್ಲಿ 610 ತೆಗೆದು 2025ರಲ್ಲಿ 570ಕ್ಕೆ ಇಳಿದ ವಿದ್ಯಾರ್ಥಿಯ ಅಂಕಪಟ್ಟಿ ನೋಡಿ "ನಲವತ್ತು ಹೋಯಿತು" ಅನ್ನುವುದು ತಪ್ಪು. ಅವನ ರ‍್ಯಾಂಕ್ ಮುಂದೆ ಬಂದಿರುತ್ತದೆ. ಎರಡು ವರ್ಷದ ಅಂಕವನ್ನು ಪಕ್ಕಪಕ್ಕ ಇಟ್ಟು ಹೋಲಿಸಲೇಬಾರದು, ರ‍್ಯಾಂಕ್ ಹೋಲಿಸಬೇಕು.

ಒಂದೇ ವರ್ಷದಲ್ಲಿ ಮತ್ತೆ ಬರೆಸಿದ ಉದಾಹರಣೆಯೂ 2024ರದ್ದೇ. ಸಮಯ ನಷ್ಟವಾಯಿತು ಅಂತ ಕೃಪಾಂಕ ಕೊಟ್ಟಿದ್ದ 1,563 ಮಂದಿಗೆ ಎರಡು ದಾರಿ ಕೊಟ್ಟರು, ಕೃಪಾಂಕ ಬಿಟ್ಟು ಹಳೇ ಅಂಕವನ್ನೇ ಇಟ್ಟುಕೊಳ್ಳಿ ಅಥವಾ ಜೂನ್ 23ಕ್ಕೆ ಮತ್ತೆ ಬರೆಯಿರಿ. ಬರೆದವರು 813 ಮಂದಿ. ಕೃಪಾಂಕ ಸೇರಿ ಮೊದಲು ಕಂಡಿದ್ದ ದೊಡ್ಡ ನಂಬರ್ ಬರೆದವರಿಗೂ, ಬರೆಯದವರಿಗೂ ಉಳಿಯಲಿಲ್ಲ.

ನೀಟ್ ರಿಪೀಟರ್‌ಗೆ ಇರುವ ಅಪಾಯ ಒಂದೇ. ಹೋದ ವರ್ಷ ಕೈಗೆ ಬಂದಿದ್ದ ಬಿಡಿಎಸ್ ಅಥವಾ ಆಯುರ್ವೇದದ ಸೀಟು ಬಿಟ್ಟು ಕೂತು, ಈ ವರ್ಷ ರ‍್ಯಾಂಕ್ ನಿಜಕ್ಕೂ ಹಿಂದೆ ಹೋದರೆ ಅದೂ ಸಿಗದೇ ಹೋಗಬಹುದು.

ಸಿಇಟಿ: ಅರ್ಧ ಲೆಕ್ಕ ಪಿಯುದ್ದು

ಎಂಜಿನಿಯರಿಂಗ್‌ಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೊಡುವ ರ‍್ಯಾಂಕ್‌ನಲ್ಲಿ ಅರ್ಧ ಸಿಇಟಿ ಅಂಕ, ಅರ್ಧ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ. ಸಿಇಟಿ ವರ್ಷಕ್ಕೊಂದೇ. ಮುಂದಿನ ವರ್ಷ ಸೀಟು ಬೇಕೆಂದರೆ ಮತ್ತೆ ಬರೆಯಬೇಕು, ಹಳೇ ಸಿಇಟಿ ಅಂಕ ಬರುವುದಿಲ್ಲ. ಪಿಯು ಅಂಕ ಮಾತ್ರ ಜೊತೆಗೇ ಬರುತ್ತದೆ.

2024ರಿಂದ ಪಿಯು ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2 ಬರೆಯಬಹುದು. ಅಲ್ಲಿ ಇಳಿದರೆ ಮೊದಲಿನ ಉತ್ತಮ ಅಂಕವೇ ಉಳಿಯುತ್ತದೆ. ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದವರು ಕಡಿಮೆ. ಪಿಯುನ ಮೂರು ವಿಷಯ ಸೇರಿ 300 ಅಂಕ, ಸಿಇಟಿಯ ಮೂರು ಪೇಪರ್ ಸೇರಿ 180. ಎರಡಕ್ಕೂ ತೂಕ ಸಮ. ಅಂದರೆ ಪಿಯುನ 5 ಅಂಕ ಸಿಇಟಿಯ 3 ಪ್ರಶ್ನೆಗೆ ಸಮ. ಪರೀಕ್ಷೆ-2ರಲ್ಲಿ ಗಣಿತ ಮತ್ತೆ ಬರೆದು 80ನ್ನು 95 ಮಾಡಿಕೊಂಡರೆ, ಸಿಇಟಿಯಲ್ಲಿ 9 ಪ್ರಶ್ನೆ ಹೆಚ್ಚು ಸರಿ ಮಾಡಿದ ಹಾಗೆ. ಸಿಇಟಿಯಲ್ಲಿ ಒಂಬತ್ತು ಪ್ರಶ್ನೆ ಜಾಸ್ತಿ ಮಾಡುವುದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು!

ಎನ್‌ಐಟಿ ಕನಸಿದ್ದವರಿಗೂ ಪಿಯು ಅಂಕ ಬೇಕು. ಜೆಇಇ ರ‍್ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಪಿಯುನಲ್ಲಿ ಶೇ 75 ಇರಬೇಕು ಅಥವಾ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ 65 ಸಾಕು.

ರಿಪೀಟರ್‌ಗಳ ಪಿಯು ಅಂಕ ಎಷ್ಟು ನಂಬಬೇಕು ಅನ್ನುವ ಜಗಳ ಒಮ್ಮೆ ಹೈಕೋರ್ಟಿನವರೆಗೂ ಹೋಗಿತ್ತು. ಕೋವಿಡ್‌ನಿಂದಾಗಿ 2021ರ ಬ್ಯಾಚ್ ಪಿಯು ಪರೀಕ್ಷೆ ಬರೆಯದೇ ಪಾಸಾಗಿತ್ತು. ಅವರಲ್ಲಿ ಸಾವಿರಾರು ಮಂದಿ 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಕೆಇಎ ಅವರ ಪಿಯು ಅಂಕವನ್ನು ಪರಿಗಣಿಸಲಿಲ್ಲ. ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಪರೀಕ್ಷೆಯಿಲ್ಲದೇ ಬಂದ ಅಂಕ ಪೂರ್ತಿ ಸೇರಿಸಿದರೆ ನಮಗೆ ಅನ್ಯಾಯ ಅಂತ ಹೊಸ ಬ್ಯಾಚಿನವರು ಗಾಬರಿಯಾದರು. ಕೊನೆಗೆ ರಿಪೀಟರ್‌ಗಳ ಪಿಯು ಅಂಕದಲ್ಲಿ ಸ್ವಲ್ಪ ಕಡಿತ ಮಾಡುವ ಸೂತ್ರದಲ್ಲಿ ಅದು ಬಗೆಹರಿಯಿತು. ಮತ್ತೆ ಬರೆಯುವವರಿಗೂ ಮೊದಲ ಸಲ ಬರೆಯುವವರಿಗೂ ಒಂದೇ ಪಟ್ಟಿ ಮಾಡುವಾಗ ಯಾರಿಗಾದರೂ ನೋವಾಗದೇ ಇರುವುದಿಲ್ಲ.

ಸ್ಯಾಟ್: ಇಲ್ಲಿ ಮಾತ್ರ ಮನುಷ್ಯರು ಕೂತು ಓದುತ್ತಾರೆ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವವರು ನಮ್ಮಲ್ಲಿ ಹೆಚ್ಚೇನೂ ಇಲ್ಲ. ಆದರೆ ಗಲ್ಫ್‌ನಲ್ಲಿರುವ ಕರಾವಳಿ ಕುಟುಂಬಗಳಲ್ಲಿ ಸ್ಯಾಟ್ ಮಾತು ಸಾಕಷ್ಟಿದೆ. "ಇಳಿದ ಸ್ಕೋರ್ ಕಾಲೇಜಿಗೆ ಕಾಣುತ್ತದೆ" ಅನ್ನುವ ಹೆದರಿಕೆ ಹುಟ್ಟಿದ್ದೂ ಮುಖ್ಯವಾಗಿ ಅಲ್ಲಿಂದಲೇ.

ಸ್ಯಾಟ್ 1600 ಅಂಕದ್ದು, ಓದು-ಬರಹಕ್ಕೆ 800, ಗಣಿತಕ್ಕೆ 800. ಯಾವ ದಿನದ ಸ್ಕೋರ್ ಕಳಿಸಬೇಕು ಅಂತ ಆರಿಸಿಕೊಳ್ಳುವ ಅವಕಾಶವನ್ನು ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ 2009ರಿಂದ ಕೊಟ್ಟಿದೆ. ತುಂಬ ಕಾಲೇಜುಗಳು ಸೂಪರ್‌ಸ್ಕೋರ್ ಮಾಡುತ್ತವೆ, ಅಂದರೆ ಬೇರೆ ಬೇರೆ ದಿನದ ಉತ್ತಮ ಭಾಗಗಳನ್ನು ಜೋಡಿಸುತ್ತವೆ. ಅಮೆರಿಕದ ಎಂಐಟಿಯೂ (ಮಣಿಪಾಲದ್ದಲ್ಲ) ಹಾಗೇ ಮಾಡುತ್ತದೆ. ಮೊದಲ ಸಲ 700 ಮತ್ತು 750, ಒಟ್ಟು 1450 ಬಂದಿತ್ತು ಅಂದುಕೊಳ್ಳಿ. ಎರಡನೇ ಸಲ 620 ಮತ್ತು 770, ಒಟ್ಟು 1390. ಮನೆಯಲ್ಲಿ ಎಲ್ಲರ ಮುಖ ಸಪ್ಪೆ. ಆದರೆ ಸೂಪರ್‌ಸ್ಕೋರ್ 700 ಮತ್ತು 770 ಸೇರಿ 1470. ಒಟ್ಟು ಅಂಕ ಇಳಿದ ಪರೀಕ್ಷೆಯೇ ಅರ್ಜಿಯನ್ನು ಮೇಲೆತ್ತಿತು!

ಕಾಲೇಜುಗಳು ಇಷ್ಟು ಉದಾರವಾಗಿರುವುದಕ್ಕೆ ಅವುಗಳದ್ದೇ ಲಾಭವೂ ಇದೆ. ಸೇರಿದ ವಿದ್ಯಾರ್ಥಿಗಳ ಸ್ಕೋರ್ ಯಾವ ಮಟ್ಟದಲ್ಲಿದೆ ಅಂತ ಅವು ಪ್ರಕಟಿಸುತ್ತವೆ. ಉತ್ತಮ ಅಂಕ ಹಿಡಿದರೆ ಆ ಮಟ್ಟ ಎತ್ತರಕ್ಕೆ ಕಾಣುತ್ತದೆ. ಇಳಿದದ್ದನ್ನು ಹಿಡಿದು ಅವಕ್ಕೆ ಆಗಬೇಕಾದ್ದು ಏನೂ ಇಲ್ಲ.

ಜಾರ್ಜ್‌ಟೌನ್ ವಿಶ್ವವಿದ್ಯಾಲಯದಂಥ ಕೆಲವು ಕಡೆ ಮಾತ್ರ ಬರೆದ ಎಲ್ಲ ಸ್ಕೋರನ್ನೂ ಕಳಿಸಬೇಕು. ಅಲ್ಲಿ ಓದುವವರಿಗೆ ಏರಿಳಿತ ಕಾಣುತ್ತದೆ. 30-40 ಅಂಕದ ಇಳಿತಕ್ಕೆ ಅರ್ಥವೇ ಇಲ್ಲ, ಪರೀಕ್ಷೆಯ ಅಳತೆಯಲ್ಲೇ ಅಷ್ಟು ಆಚೀಚೆ ಇರುತ್ತದೆ. 1480ರಿಂದ 1300ಕ್ಕೆ ಬಿದ್ದರೆ ಯಾಕೆ ಅಂತ ಒಂದು ಕ್ಷಣ ಅನ್ನಿಸಬಹುದು. ಶಾಲೆಯ ಅಂಕ 1480ಕ್ಕೆ ಹೊಂದುವಂತಿದ್ದರೆ ಅದೂ ಅಲ್ಲಿಗೇ ಮುಗಿಯುತ್ತದೆ. ಆದರೆ ಎಲ್ಲವನ್ನೂ ಕೇಳಿದ ಕಡೆ ಒಂದನ್ನು ಮುಚ್ಚಿಡಲು ಹೋಗಬೇಡಿ. ಇಳಿದ ಸ್ಕೋರ್ ಮಾಡದ ಹಾನಿಯನ್ನು ಸುಳ್ಳು ಮಾಡುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಪ್ರವೇಶಕ್ಕೆ ಸ್ಯಾಟ್ ನೋಡುವುದನ್ನೇ ಬಿಟ್ಟಿವೆ. ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಮತ್ತೆ ಕಡ್ಡಾಯ ಮಾಡಿದವು. ಹಾಗಾಗಿ ಅಣ್ಣ ಐದು ವರ್ಷದ ಹಿಂದೆ ಹೇಳಿದ ಸಲಹೆ ತಮ್ಮನಿಗೆ ಉಪಯೋಗಕ್ಕೆ ಬರುವುದಿಲ್ಲ.

ಎರಡು ಅವಕಾಶ ಯಾರಿಗೆ ಲಾಭ?

ಎರಡರಲ್ಲಿ ಉತ್ತಮವಾದದ್ದನ್ನು ಹಿಡಿಯಬೇಕು ಅನ್ನುವವರ ವಾದ ಸರಳ. ಹನ್ನೆರಡು ವರ್ಷದ ಓದು ಮೂರು ಗಂಟೆಯ ಒಂದು ಬೆಳಗ್ಗೆಯ ಮೇಲೆ ನಿಲ್ಲಬಾರದು. ಹೊಟ್ಟೆನೋವು, ಬಸ್ ಲೇಟ್, ಕಂಪ್ಯೂಟರ್ ಕೈಕೊಟ್ಟದ್ದು, ಇದಕ್ಕೆಲ್ಲ ಮಗು ಬೆಲೆ ತೆರಬೇಕಾ?

ಎದುರು ವಾದವನ್ನೂ ತಳ್ಳಿಹಾಕುವ ಹಾಗಿಲ್ಲ. ಪ್ರತಿ ಸೆಷನ್‌ಗೂ ಶುಲ್ಕ, ಪ್ರಯಾಣ, ನಡುವೆ ಕ್ರ್ಯಾಶ್ ಕೋರ್ಸ್. ಒಂದು ವರ್ಷ ಮನೆಯಲ್ಲಿ ಕೂರಿಸಿ ಓದಿಸುವುದು ಇನ್ನೂ ದೊಡ್ಡ ಖರ್ಚು. ಮೂಡುಬಿದಿರೆ, ಕಾರ್ಕಳದ ಕಡೆ ಹಾಸ್ಟೆಲ್‌ನಲ್ಲಿ ಇಟ್ಟು ಓದಿಸಬಲ್ಲ ಮನೆಯವರಿಗೆ ಎರಡನೇ ಅವಕಾಶ ನಿಜವಾದ ಅವಕಾಶ. ಬೆಳ್ತಂಗಡಿಯ ಒಳಗಿನ ಸರಕಾರಿ ಪಿಯು ಕಾಲೇಜಿನ ಹುಡುಗಿಗೆ ಅದು ಕಾಗದದ ಮೇಲೆ ಮಾತ್ರ. ನನಗನ್ನಿಸುವುದು, ಒಂದೇ ವರ್ಷದೊಳಗೆ ಎರಡು ಸಲ ಬರೆಸುವುದು ಒಂದು ವರ್ಷ ಕೂರಿಸುವುದಕ್ಕಿಂತ ಬಡವರಿಗೆ ಎಷ್ಟೋ ವಾಸಿ. ಆದರೆ ಎರಡನೇ ಸಲದ ಶುಲ್ಕವನ್ನಾದರೂ ಮನ್ನಾ ಮಾಡಬೇಕು.

ಇನ್ನೊಂದು ತಕರಾರು ನಂಬಿಕೆಯದ್ದು. ಸೆಷನ್, ಶಿಫ್ಟ್ ಜಾಸ್ತಿಯಾದಷ್ಟೂ ಪೇಪರ್ ಬೇರೆ ಬೇರೆಯಾಗುತ್ತದೆ. ಆಗ ಅಂಕ ಬಿಟ್ಟು ಪರ್ಸೆಂಟೈಲ್‌ಗೆ ಹೋಗಲೇಬೇಕು. "ನನಗೆ 155 ಬಂದರೂ 140ರವಳು ಮುಂದೆ ಹೇಗೆ?" ಅನ್ನುವ ಪ್ರಶ್ನೆಗೆ ಲೆಕ್ಕದಲ್ಲಿ ಉತ್ತರವಿದೆ, ಆದರೆ ಸೀಟು ತಪ್ಪಿದವರಿಗೆ ಆ ಉತ್ತರದಿಂದ ಸಮಾಧಾನ ಆಗುವುದಿಲ್ಲ.

ಮುಂದೆ

ದಿಕ್ಕು ಹೆಚ್ಚು ಅವಕಾಶಗಳ ಕಡೆಗೇ ಇದೆ. ಸಿಬಿಎಸ್‌ಇ 2026ರಿಂದ ಹತ್ತನೇ ತರಗತಿಗೆ ಎರಡು ಬೋರ್ಡ್ ಪರೀಕ್ಷೆ ತಂದಿದೆ, ಉತ್ತಮ ಅಂಕ ಉಳಿಯುತ್ತದೆ. 2024ರ ನೀಟ್ ಪೇಪರ್ ಸೋರಿಕೆ ಗಲಾಟೆಯ ನಂತರ ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ಪರೀಕ್ಷೆಯನ್ನು ಹೆಚ್ಚು ಸೆಷನ್‌ಗಳಲ್ಲಿ, ಹಂತಗಳಲ್ಲಿ ನಡೆಸುವ ಬಗ್ಗೆ ಶಿಫಾರಸು ಮಾಡಿತು. ನೀಟ್ ಆ ದಾರಿ ಹಿಡಿದರೆ 720ಕ್ಕೆ ಎಷ್ಟು ಅಂತ ಕೇಳುವ ಅಭ್ಯಾಸವನ್ನು ಮೆಡಿಕಲ್ ಆಸೆಯ ಮನೆಗಳೂ ಬಿಡಬೇಕಾಗುತ್ತದೆ, ಜೆಇಇಯವರ ಹಾಗೆ ಪರ್ಸೆಂಟೈಲ್ ಕಲಿಯಬೇಕಾಗುತ್ತದೆ.

ಸದ್ಯಕ್ಕೆ, ಏಪ್ರಿಲ್‌ನಲ್ಲಿ ಜೆಇಇ ಪರ್ಸೆಂಟೈಲ್ ಇಳಿದವರು ಆ ಇಳಿತದ ಬಗ್ಗೆ ಮಾಡಬೇಕಾದ್ದು ಏನೂ ಇಲ್ಲ. ಪಿಯು ಅಂಕ ಶೇ 75ರ ಆಸುಪಾಸಿನಲ್ಲಿದ್ದರೆ ಅಥವಾ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬೇಕಿದ್ದರೆ, ಪರೀಕ್ಷೆ-2ಕ್ಕೆ ಅರ್ಜಿ ಹಾಕುವ ಕೊನೆಯ ದಿನ ಯಾವಾಗ ಅಂತ ಇವತ್ತೇ ಕಾಲೇಜಿನ ಆಫೀಸಿನಲ್ಲಿ ಕೇಳಿಕೊಳ್ಳಿ. ಫಲಿತಾಂಶ ಬಂದ ಮೇಲೆ ಅದಕ್ಕೆ ಸಿಗುವುದು ಕೆಲವೇ ದಿನ.